ನಾಳೆಗೆ ಉಳಿಯದ ಕಂಪು

"ಗುರುಗಳೇ, ಇಂಗ್ಲಿಷಿನಲ್ಲಿ ವಾಸನೆಗೆ ಆರು ಪದಗಳಿವೆ. ಮೂಗು ಮಾತ್ರ ಒಂದೇ. ಹಾಗಿದ್ದ ಮೇಲೆ ಆರು ಪದ ಏಕೆ ಬೇಕು?"

ಕೇಳಿದವನು ಅಡವಯ್ಯ. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಮುಗಿಸಿ, ಆ ವರ್ಷ ಇಂಗ್ಲಿಷ್ ಕಲಿಯಲು ಕುಳಿತಿದ್ದ ಶಿಷ್ಯ. ಬುದ್ಧಿ ಚುರುಕು. ಒಂದು ಸಲ ಓದಿದ್ದನ್ನು ಎರಡನೆಯ ಸಲ ಓದಬೇಕಾಗುತ್ತಿರಲಿಲ್ಲ. ಮುಂಜಾನೆಯ ಪಾಠ ಆಗಷ್ಟೇ ಮುಗಿದಿತ್ತು. ಗುರುಗಳು ಕಂಬಕ್ಕೆ ಒರಗಿ ಕುಳಿತಿದ್ದರು.

"ಯಾವ ಆರು?" ಎಂದರು ಗುರುಗಳು.

ಅಡವಯ್ಯ ಒಪ್ಪಿಸಿದ. "ಸ್ಮೆಲ್ ಎಂದರೆ ಯಾವ ವಾಸನೆಯಾದರೂ ಸರಿ. ಫ್ರೇಗ್ರನ್ಸ್ ಹೂವಿನದು. ಅರೋಮಾ ಅಡುಗೆಯದು, ಕಾಫಿಯದು. ಸೆಂಟ್ ಎಂದರೆ ನಾಯಿ ಹಿಡಿದು ಹೋಗುವ ಜಾಡು. ಅತ್ತರಿಗೂ ಅದೇ ಪದ. ಓಡರ್ ಮೈಯದು, ಔಷಧದ್ದು. ಅದು ಹೆಚ್ಚಾಗಿ ಹಿತವಲ್ಲದ್ದು. ಸ್ಟೆಂಚ್ ಕೊಳೆತದ್ದು. ಲೆಕ್ಕ ಹಾಕಿ ನೋಡಿದೆ. ಮೂರು ಒಳ್ಳೆಯವು, ಎರಡು ಕೆಟ್ಟವು, ಒಂದು ಯಾವ ಕಡೆಗೂ ಸೇರದ್ದು. ನಾವು ಸುವಾಸನೆ, ದುರ್ವಾಸನೆ ಎಂದು ಎರಡೇ ಇಟ್ಟುಕೊಂಡರೆ ಕೆಲಸ ಮುಗಿಯಿತಲ್ಲ?"

ಗುರುಗಳು ಕಂಬ ಬಿಟ್ಟು ನೆಟ್ಟಗೆ ಕುಳಿತರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದುಭಾಷಿ ಇದ್ದ. ಅಲ್ಲಿಯ ದವಾಖಾನೆಗೆ ಕಡಲಾಚೆಯಿಂದ ಒಬ್ಬ ಡಾಕ್ಟರಮ್ಮ ಬಂದಿದ್ದರು. ಆಕೆಗೆ ಕನ್ನಡ ಬಾರದು. ರೋಗಿಗಳಿಗೆ ಇಂಗ್ಲಿಷ್ ಬಾರದು. ರೋಗಿ ಹೇಳಿದ್ದನ್ನು ಡಾಕ್ಟರಮ್ಮನಿಗೆ ದಾಟಿಸುವುದು, ಆಕೆ ಹೇಳಿದ್ದನ್ನು ರೋಗಿಗೆ ದಾಟಿಸುವುದು ದುಭಾಷಿಯ ಕೆಲಸ.

ಅವನು ಕೆಲಸಕ್ಕೆ ತಕ್ಕವನು. ಇಂಗ್ಲಿಷನ್ನು ಕಷ್ಟಪಟ್ಟು ಕಲಿತಿದ್ದ. ನೀನು ಹೇಳಿದ ಆರು ಪದಗಳೂ ಅವನಿಗೆ ಗೊತ್ತಿದ್ದವು; ಯಾವುದನ್ನು ಎಲ್ಲಿ ಬಳಸಬೇಕೆಂಬುದೂ ಗೊತ್ತಿತ್ತು. ತಪ್ಪು ಪದ ಬಾಯಿಗೆ ಬಂದರೆ ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಆಗುತ್ತಿತ್ತು.

ರೋಗಿಗಳು ನೆಟ್ಟಗೆ ಮಾತಾಡುವವರಲ್ಲ. ಹೊಟ್ಟೆನೋವು ಎಂದು ಬಂದವನು ಮೊದಲು ಅಳಿಯನ ಊರಿಗೆ ಹೋದದ್ದನ್ನು ಹೇಳುತ್ತಾನೆ. ಅಲ್ಲಿ ಉಂಡದ್ದನ್ನು, ಉಣ್ಣದೆ ಬಿಟ್ಟದ್ದನ್ನು ಹೇಳುತ್ತಾನೆ. ಹೊಟ್ಟೆಯೊಳಗೆ ಮಗ್ಗ ಆಡಿದ ಹಾಗಾಗುತ್ತದೆ ಎನ್ನುತ್ತಾನೆ. ದುಭಾಷಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಡಾಕ್ಟರಮ್ಮನ ಕಡೆ ತಿರುಗಿ, "ಎರಡು ದಿನದಿಂದ ಹೊಟ್ಟೆನೋವು" ಎಂದು ಒಂದೇ ಮಾತಿನಲ್ಲಿ ಹೇಳುತ್ತಿದ್ದ. ಯಾರಾದರೂ ಕೇಳಿದರೆ, "ಹೊಟ್ಟು ತೂರುತ್ತೇನೆ, ಕಾಳು ಕೊಡುತ್ತೇನೆ" ಎನ್ನುತ್ತಿದ್ದ. ಡಾಕ್ಟರಮ್ಮನಿಗೆ ಅವನ ಮೇಲೆ ಪೂರ್ತಿ ನಂಬಿಕೆ. ದಿನಕ್ಕೆ ನೂರು ಜನರನ್ನು ನೋಡಬೇಕಾದ ಆಕೆಗೆ ಇಂಥವನೊಬ್ಬ ಸಿಕ್ಕದ್ದು ಪುಣ್ಯ ಎಂದೇ ಎಲ್ಲರೂ ತಿಳಿದಿದ್ದರು. ಹಲವು ವರ್ಷ ಹೀಗೇ ನಡೆಯಿತು. ಯಾರಿಗೂ ಕೆಟ್ಟದಾಗಲಿಲ್ಲ. ಆಗಿದ್ದರೂ ಯಾರಿಗೂ ತಿಳಿಯಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ಹಣ್ಣು ಮಾರುವ ಹೆಣ್ಣುಮಗಳೊಬ್ಬಳು ಏಳು ವರ್ಷದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಐದು ಹರದಾರಿ ನಡೆದು ಬಂದಿದ್ದಳು. ಮಗುವಿನ ಹೆಸರು ಬಾಳವ್ವ. ಹಿಂದಿನ ಎರಡು ಮಕ್ಕಳು ಉಳಿದಿರಲಿಲ್ಲ. ಇದಾದರೂ ಬಾಳಲಿ ಎಂದು ಇಟ್ಟ ಹೆಸರು. ಮಗುವಿಗೆ ಕತ್ತು ನಿಲ್ಲುತ್ತಿರಲಿಲ್ಲ. ಕಣ್ಣು ಗುಳಿ ಬಿದ್ದಿತ್ತು. ಗುಡ್ಡ ಹತ್ತಿ ಬಂದವರಂತೆ ಆಳವಾಗಿ, ಬಿಡುವಿಲ್ಲದೆ ಉಸಿರಾಡುತ್ತಿತ್ತು.

ತಾಯಿ ಮಗುವನ್ನು ಮಂಚದ ಮೇಲೆ ಮಲಗಿಸಿ ದುಭಾಷಿಯ ಮುಂದೆ ನಿಂತಳು.

"ಹದಿನೈದು ದಿನದಿಂದ ನೀರು ನೀರು ಅಂತೈತ್ರಿ. ಬಿಂದಿಗಿ ಬರಿದು ಮಾಡಿದ್ರೂ ದಾಹ ತೀರವಲ್ದು. ಮೂರು ದಿನದಿಂದ ಉಂಡದ್ದು ಹೊಟ್ಟ್ಯಾಗ ನಿಲ್ಲವಲ್ದು. ಹೊಟ್ಟಿ ಹಿಡಕೊಂಡು ಅಳತೈತಿ. ನಿನ್ನಿಯಿಂದ ಉಸುರಿನ್ಯಾಗ ಕಂಪು ಎದ್ದೈತ್ರಿ, ಸಾಹೇಬರ. ಇದನ್ನ ಅಮ್ಮಾರಿಗೆ ಮೊದಲ ಹೇಳ್ರಿ. ಕಂಪು ಎದ್ದೈತಿ ಅಂತ ಹೇಳ್ರಿ."

ದುಭಾಷಿ ತನ್ನ ವಾಡಿಕೆಯಂತೆ ತೂರಿದ. ದಾಹದ ಮಾತನ್ನು ಬಿಟ್ಟ. ಆ ಬಿಸಿಲಿನಲ್ಲಿ ದಾಹ ಯಾರಿಗಿಲ್ಲ? ವಾಂತಿ, ಹೊಟ್ಟೆನೋವು, ಇವೆರಡನ್ನು ಇಟ್ಟುಕೊಂಡ. ಕಂಪು ಎಂಬ ಮಾತಿಗೆ ಬಂದು ತಡೆದ.

ಕಂಪು ಮಲ್ಲಿಗೆಯದು. ಕಂಪು ಕೇದಗೆಯದು. ಇಂಗ್ಲಿಷಿನಲ್ಲಿ ಅದಕ್ಕೆ ಫ್ರೇಗ್ರನ್ಸ್ ಎನ್ನಬೇಕು. ಮೂರು ದಿನ ವಾಂತಿ ಮಾಡಿಕೊಂಡ ಮಗುವಿನ ಬಾಯಿಂದ ಫ್ರೇಗ್ರನ್ಸ್ ಬರುತ್ತಿದೆ ಎಂದರೆ ಡಾಕ್ಟರಮ್ಮ ಏನೆಂದಾರು? ಅವನಿಗೆ ಒಳಗೊಳಗೇ ನಗು ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು, ಪಾಪ, ಎಂದುಕೊಂಡ. ಓದು ಬರಹ ಇಲ್ಲದವಳು. ಕೆಟ್ಟ ವಾಸನೆ ಎನ್ನಲು ಬಾಯಿ ಬಾರದೆ ಒಳ್ಳೆಯ ಪದ ಹಾಕಿದ್ದಾಳೆ. ತಾನು ಸರಿಮಾಡಿ ಹೇಳಿದರೆ ಅವಳಿಗೇ ಉಪಕಾರ.

"ಮೂರು ದಿನದಿಂದ ವಾಂತಿ, ಹೊಟ್ಟೆನೋವು. ಬಾಯಿಂದ ಕೆಟ್ಟ ಓಡರ್" ಎಂದ ಡಾಕ್ಟರಮ್ಮನಿಗೆ.

ಸರಿಯಾದ ಪದವನ್ನು ಸರಿಯಾದ ಜಾಗದಲ್ಲಿ ಇಟ್ಟ ಸಮಾಧಾನ ಅವನಿಗಾಯಿತು.

ಡಾಕ್ಟರಮ್ಮ ಮಗುವಿನ ನಾಲಿಗೆ ನೋಡಿದರು. ಹೊಟ್ಟೆ ಒತ್ತಿದರು. ಮಗು ಚೀರಿತು. ಮತ್ತೊಂದು ಕಡೆ ಒತ್ತಿದರು. ಮತ್ತೆ ಚೀರಿತು. ಆಕೆಯ ಮುಖ ಗಂಭೀರವಾಯಿತು. ಹೊಟ್ಟೆಯೊಳಗೆ ಕರುಳು ಕೀವುಗಟ್ಟಿದೆ, ತಡಮಾಡಿದರೆ ಒಡೆಯುತ್ತದೆ, ಮಧ್ಯಾಹ್ನದೊಳಗೆ ಹೊಟ್ಟೆ ಕೊಯ್ಯಬೇಕು ಎಂದರು. ಆಕೆ ಕೇಳಿದ ಮಾತುಗಳಿಗೆ ಆ ತೀರ್ಮಾನ ತಪ್ಪಲ್ಲ. ಯಾವ ಡಾಕ್ಟರರಾದರೂ ಅದನ್ನೇ ಹೇಳುತ್ತಿದ್ದರು.

ಕೊಯ್ಯುವ ಕೋಣೆಯಲ್ಲಿ ನೀರು ಕುದಿಯಲು ಇಟ್ಟರು. ಚೂರಿ, ಕತ್ತರಿಗಳನ್ನು ಅದರಲ್ಲಿ ಹಾಕಿದರು. ಪ್ರಜ್ಞೆ ತಪ್ಪಿಸುವ ಔಷಧದ ಸೀಸೆಯನ್ನು ಹೊರಗೆ ತೆಗೆದರು. ಒಪ್ಪಿಗೆಯ ಕಾಗದಕ್ಕೆ ತಾಯಿಯ ಹೆಬ್ಬೆಟ್ಟು ಹಾಕಿಸಿಕೊಂಡು ಬಾ ಎಂದು ದುಭಾಷಿಯನ್ನು ಕಳಿಸಿದರು.

ಅವನು ಕಾಗದವನ್ನೂ ಮಸಿಯ ಡಬ್ಬಿಯನ್ನೂ ಹಿಡಿದು ಮಂಚದ ಬಳಿ ಬಂದ. ಏನು ಮಾಡುತ್ತಾರೆಂದು ಮೆಲ್ಲಗೆ ತಿಳಿಸಿದ. ಹೆದರಬೇಡ, ಅಮ್ಮಾರ ಕೈಗುಣ ದೊಡ್ಡದು ಎಂದ. ತಾಯಿ ಅಳಲಿಲ್ಲ. ಹೆಬ್ಬೆಟ್ಟನ್ನೂ ಕೊಡಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಅವನ ಮುಖವನ್ನೇ ನೋಡಿದಳು.

"ನಾ ಅಂದ ಮಾತು ಅಮ್ಮಾರಿಗೆ ಹೇಳಿದ್ರೇನು?"

"ಎಲ್ಲಾ ಹೇಳೇನವ್ವಾ."

"ಇಲ್ಲ, ಹೇಳಿಲ್ಲ" ಎಂದಳು ಅವಳು. "ಹೇಳಿದ್ದರ ಅವರು ಕೂಸಿನ ಬಾಯಿಗೆ ಮೂಗು ಹಚ್ಚತಿದ್ರು. ಅವರು ಹೊಟ್ಟಿ ಮುಟ್ಟಿದ್ರು. ಕಣ್ಣಿಲೆ ನೋಡಿದ್ರು, ಮೂಗಿಲೆ ನೋಡಲಿಲ್ಲ. ನೀವು ಅವರಿಗೆ ಬ್ಯಾರೇ ಏನೋ ಹೇಳೀರಿ."

ದುಭಾಷಿಯ ಮುಖಕ್ಕೆ ಯಾರೋ ತಣ್ಣೀರು ಎರಚಿದಂತಾಯಿತು. ಇಷ್ಟು ವರ್ಷದಲ್ಲಿ ಒಬ್ಬ ರೋಗಿಯೂ ಅವನನ್ನು ಹೀಗೆ ಕೇಳಿರಲಿಲ್ಲ. ಕೇಳಲು ಅವರಿಗೆ ದಾರಿ ಎಲ್ಲಿತ್ತು? ಅವನು ಹೇಳಿದ್ದು ಅವರಿಗೆ ತಿಳಿಯದ ಭಾಷೆಯಲ್ಲಿ. ಈಕೆಗೂ ಆ ಭಾಷೆ ತಿಳಿಯದು. ಆದರೆ ತನ್ನ ಮಾತು ಆಚೆ ದಡ ಮುಟ್ಟಿಲ್ಲವೆಂದು ಡಾಕ್ಟರಮ್ಮನ ಕೈ ಎಲ್ಲಿಗೆ ಹೋಯಿತು ಎಂಬುದನ್ನು ನೋಡಿಯೇ ತಿಳಿದುಕೊಂಡಿದ್ದಳು.

ಅವನು ಸಿಟ್ಟಾಗಬಹುದಿತ್ತು. ಆಗಲಿಲ್ಲ. "ಕಂಪು ಅಂದ್ರ ಏನವ್ವಾ?" ಎಂದು ಕೇಳಿದ. ಕನ್ನಡದ ಪದವೊಂದರ ಅರ್ಥವನ್ನು ಅವನು ಇನ್ನೊಬ್ಬರಿಗೆ ಕೇಳಿದ್ದು ಬಹುಶಃ ಅದೇ ಮೊದಲು.

"ಯಣ್ಣಾ" ಎಂದಳು ಅವಳು. ಸಾಹೇಬ ಎನ್ನುವುದನ್ನು ಬಿಟ್ಟಿದ್ದಳು. "ನಾನು ಮಾವಿನಕಾಯಿ ಹುಲ್ಲಿನ್ಯಾಗ ಇಟ್ಟು ಹಣ್ಣು ಮಾಡಿ ಮಾರಾಕಿ. ಹುಲ್ಲು ಸರಿಸಿ ಸರಿಸಿ ನೋಡೂ ಹಂಗಿಲ್ಲ, ಕಾವು ಹೋಗತೈತಿ. ಬಾಗಿಲದಾಗ ನಿಂತು ಮೂಸಿ ತಿಳೀಬೇಕು. ಮೊದಲ ಹಸಿ ವಾಸನಿ. ಆಮ್ಯಾಲೆ ಘಮ ಅಂತೈತಿ, ಅವಾಗ ಇನ್ನೂ ನಾಕು ದಿನ ಐತಿ ಅಂತ ತಿಳಕೋಬೇಕು. ಕಡೀಕ ಕಂಪು ಏಳತೈತಿ. ಅದು ಭಾಳ ಚೊಲೋ ಇರತೈತಿ, ಓಣಿ ತುಂಬ ಹಬ್ಬತೈತಿ. ಬಂದವರು ಆಹಾ ಅಂತಾರ. ನನಗ ಮಾತ್ರ ಎದಿ ಝಲ್ ಅಂತೈತಿ. ಯಾಕಂದ್ರ ಕಂಪು ಎದ್ದ ಹಣ್ಣು ನಾಳಿಗೆ ಉಳಿಯಂಗಿಲ್ಲ."

ಅಷ್ಟು ಹೇಳಿ ಮಗುವಿನ ಕಡೆ ಕೈ ತೋರಿಸಿದಳು. "ನನ್ನ ಮ್ಯಾಲೆ ನಂಬಿಗಿ ಇಲ್ಲಂದ್ರ ನೀವ ಬಗ್ಗಿ ನೋಡ್ರಿ."

ಅವನು ಕಾಗದವನ್ನು ಮಂಚದ ತುದಿಯಲ್ಲಿ ಇಟ್ಟ. ಮೊಣಕಾಲೂರಿ ಬಗ್ಗಿದ. ದವಾಖಾನೆಯಲ್ಲಿ ಅಷ್ಟು ವರ್ಷ ದುಡಿದಿದ್ದರೂ ಯಾವ ರೋಗಿಯ ಹತ್ತಿರಕ್ಕೂ ಅವನು ಅಷ್ಟು ಬಗ್ಗಿರಲಿಲ್ಲ. ಅವನದು ಬಾಯಿಯ ಕೆಲಸ, ಕಿವಿಯ ಕೆಲಸ. ಮೊದಲು ನೆಲ ಒರೆಸಿದ ಔಷಧದ ಘಾಟು ಬಿಟ್ಟರೆ ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿದ. ಮಗು ಉಸಿರು ಬಿಟ್ಟಿತು.

ಆಗ ಅದು ಬಂತು.

ಮಾವಿನ ಹಣ್ಣಿನ ಕೋಣೆಯ ಕದ ತೆರೆದಂತೆ ಇತ್ತು. ಸಿಹಿ, ತುಂಬು, ಇನ್ನೊಂದು ಗಳಿಗೆಗೆ ಹುಳಿಯಾಗಲಿರುವ ಸಿಹಿ. ಅದರಲ್ಲಿ ಕೆಟ್ಟದ್ದೆಂಬುದು ಏನೂ ಇರಲಿಲ್ಲ. ಹೊಟ್ಟೆಗೆ ಅನ್ನ ಇಲ್ಲದ, ಒಣಗಿದ ತುಟಿಯ, ನೋವಿಗೆ ಮುದುಡಿ ಮಲಗಿದ ಮಗುವಿನ ಒಳಗಿನಿಂದ ಅಂಥ ಕಂಪು ಬರುತ್ತಿತ್ತು. ಮಗು ಮತ್ತೊಮ್ಮೆ ಉಸಿರು ಬಿಟ್ಟಿತು. ಮತ್ತೂ ಬಂತು.

ಸಾವು ನಾರುತ್ತದೆ ಎಂದು ಅವನು ತಿಳಿದಿದ್ದ. ಇಷ್ಟು ಚೆಂದದ ವಾಸನೆ ಹೊತ್ತು ಬರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೈಮೇಲಿನ ಕೂದಲು ನೆಟ್ಟಗಾದವು. ಗುಡಿಯ ಹೊಸ್ತಿಲಲ್ಲಿ ಆಗುವಂತೆ ಕೈಗಳು ತಾವಾಗಿ ಕೂಡಿಕೊಂಡವು. ಅವನಿಗೆ ತಿಳಿದಿದ್ದ ಆರು ಪದಗಳೂ ನೆನಪಿಗೆ ಬಂದವು. ಒಂದನ್ನೂ ಆ ಉಸಿರಿಗೆ ಹಚ್ಚಲು ಅವನಿಗೆ ಧೈರ್ಯವಾಗಲಿಲ್ಲ.

ಎದ್ದವನು ಓಡಿದ.

ಡಾಕ್ಟರಮ್ಮ ಕೊಯ್ಯುವ ಕೋಣೆಯಲ್ಲಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದರು. ಅವನು ಬಾಗಿಲಲ್ಲೇ ನಿಂತು ಹೇಳಿದ. "ಅಮ್ಮಾ, ಕೆಟ್ಟ ಓಡರ್ ಎಂದು ಹೇಳಿದವನು ನಾನು. ತಾಯಿ ಹೇಳಿದ್ದು ಅದಲ್ಲ."

"ತಾಯಿ ಏನು ಹೇಳಿದಳು?"

ಅವನು ಪದ ಹುಡುಕಲಿಲ್ಲ. ತಾಯಿ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ, ಒಂದರ ಹಿಂದೆ ಒಂದಾಗಿ, ಇಂಗ್ಲಿಷಿಗೆ ಹಾಕಿದ. ಹುಲ್ಲನ್ನು ಹೇಳಿದ, ಕೋಣೆಯ ಬಾಗಿಲನ್ನು ಹೇಳಿದ, ಹಸಿ ವಾಸನೆಯನ್ನು, ಘಮವನ್ನು, ನಾಲ್ಕು ದಿನವನ್ನು ಹೇಳಿದ. ಮಗುವಿನ ಉಸಿರಿನಲ್ಲಿ ನಾಳೆಗೆ ಉಳಿಯದ ಹಣ್ಣಿನ ವಾಸನೆ ಇದೆ ಎಂದ. ಅವನ ಇಂಗ್ಲಿಷ್ ಎಂದೂ ಅಷ್ಟು ಒರಟಾಗಿರಲಿಲ್ಲ.

ಡಾಕ್ಟರಮ್ಮನ ಕೈಗಳು ನೀರಿನಲ್ಲೇ ನಿಂತವು. "ಇನ್ನೇನು ಬಿಟ್ಟಿದ್ದೀಯ?" ಎಂದು ಕೇಳಿದರು.

ಅವನು ತಲೆ ತಗ್ಗಿಸಿ ದಾಹವನ್ನೂ ಹೇಳಿದ. ಹದಿನೈದು ದಿನ, ಬಿಂದಿಗೆ ಬರಿದಾದರೂ ತೀರದ ದಾಹ.

ಆಕೆ ಒದ್ದೆ ಕೈಯಲ್ಲೇ ಮಂಚದ ಬಳಿಗೆ ಬಂದರು. ಮಗುವಿನ ತುಟಿಯ ಹತ್ತಿರ ಬಗ್ಗಿದರು. ಒಂದು ಸಲ, ಎರಡು ಸಲ, ಮೂರು ಸಲ ಉಸಿರೆಳೆದರು. ಎದ್ದು ನಿಂತಾಗ ಆಕೆಯ ಮುಖದಲ್ಲಿ ಏನೂ ಇರಲಿಲ್ಲ.

"ನನಗೆ ಏನೂ ಬರುತ್ತಿಲ್ಲ" ಎಂದರು. "ಸಿಹಿಮೂತ್ರದ ರೋಗ ಏರಿದಾಗ ಉಸಿರಿಗೆ ಹಣ್ಣಿನ ವಾಸನೆ ಬರುತ್ತದೆಂದು ಪುಸ್ತಕದಲ್ಲಿ ಓದಿದ್ದೇನೆ. ಕೆಲವರ ಮೂಗಿಗೆ ಅದು ಹತ್ತುವುದೇ ಇಲ್ಲವಂತೆ. ನನ್ನದು ಅಂಥ ಮೂಗು. ನಿನಗೆ ಬಂತೇ?"

"ಬಂತು ಅಮ್ಮಾ."

"ಅವಳಿಗೆ?"

ಅವನು ತಾಯಿಯ ಕಡೆ ನೋಡಿದ. ಅವಳು ಹೇಳುವುದನ್ನು ಹೇಳಿ ಮುಗಿಸಿದ್ದಳು. "ಅವಳಿಗೆ ನಿನ್ನೆಯೇ ಬಂತು" ಎಂದ ದುಭಾಷಿ.

ಡಾಕ್ಟರಮ್ಮ ಮಗುವಿನ ಮೂತ್ರ ಹಿಡಿಸಿದರು. ಗಾಜಿನ ಕೊಳವೆಯಲ್ಲಿ ಒಂದು ನೀಲಿ ನೀರು ಇತ್ತು. ಅದಕ್ಕೆ ಮೂತ್ರದ ಏಳೆಂಟು ಹನಿ ಬಿಟ್ಟು ದೀಪದ ಮೇಲೆ ಹಿಡಿದರು. ಮೂವರೂ ನೋಡುತ್ತ ನಿಂತರು. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಹಳದಿ ಕೆಂಪಾಗಿ, ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ನಿಂತಿತು. ಮಗುವಿನ ಮೈಯಲ್ಲಿ ಸಕ್ಕರೆ ತುಂಬಿ ಹರಿಯುತ್ತಿದೆ ಎಂದು ಅದರ ಅರ್ಥ. ಆಕೆಯ ಮೂಗು ಕಾಣದ್ದನ್ನು ಆಗ ಆಕೆಯ ಕಣ್ಣು ಕಂಡಿತು.

"ಕತ್ತರಿಗಳನ್ನು ತೆಗೆದಿಡಿ" ಎಂದರು ಆಕೆ. ಸ್ವಲ್ಪ ತಡೆದು ದುಭಾಷಿಗೆ ಹೇಳಿದರು, "ಈ ಸ್ಥಿತಿಯಲ್ಲಿ ನಾನು ಪ್ರಜ್ಞೆ ತಪ್ಪಿಸಿದ್ದರೆ ಇವಳು ಏಳುತ್ತಿರಲಿಲ್ಲ."

ಆ ರೋಗಕ್ಕೆ ಮದ್ದು ಹೊಸದಾಗಿ ಬಂದಿದ್ದ ಕಾಲ ಅದು. ದವಾಖಾನೆಯಲ್ಲಿ ಅದರ ನಾಲ್ಕು ಪುಟ್ಟ ಸೀಸೆಗಳಿದ್ದವು. ಬಿಸಿಲಿಗೆ ಕೆಡದಂತೆ ಒದ್ದೆ ಮರಳಿನ ಗಡಿಗೆಯಲ್ಲಿ ಹೂತಿಟ್ಟಿದ್ದರು. ಡಾಕ್ಟರಮ್ಮ ಮರಳು ಕೆದರಿ ಒಂದನ್ನು ತಾವೇ ತೆಗೆದರು. ತೋಳಿಗೆ ಸೂಜಿ ಚುಚ್ಚಿದರು. ನರಕ್ಕೆ ಉಪ್ಪುನೀರು ಏರಿಸಿದರು. ಗಳಿಗೆಗೊಮ್ಮೆ ನಾಡಿ ಹಿಡಿದರು, ಮತ್ತೆ ಸೂಜಿ ಕೊಟ್ಟರು, ಮತ್ತೆ ಕೊಳವೆ ಕಾಯಿಸಿದರು. ಕೆಂಪು ಹಳದಿಗೆ ಇಳಿಯಲು ಬಹಳ ಹೊತ್ತು ಬೇಕಾಯಿತು. ಆ ದಿನ ಬೇರೆ ರೋಗಿಗಳು ಬಂದರೂ ದುಭಾಷಿ ಮನೆಗೆ ಕಳಿಸಲಿಲ್ಲ, ಕುಳಿತುಕೊಳ್ಳಿ ಎಂದ. ಅವರೂ ಕುಳಿತರು. ಒಂದು ಮಗುವಿನ ಉಸಿರನ್ನು ಕಾಯುತ್ತ ಇಡೀ ದವಾಖಾನೆ ಸದ್ದಿಲ್ಲದೆ ಕುಳಿತಿತ್ತು.

ತಾಯಿ ಮಂಚ ಬಿಟ್ಟು ಕದಲಲಿಲ್ಲ. ನಡುನಡುವೆ ಮಗುವಿನ ಬಾಯಿಗೆ ಮೂಗು ಹಚ್ಚುತ್ತಿದ್ದಳು. ಪ್ರತಿಸಲವೂ ಡಾಕ್ಟರಮ್ಮ ದುಭಾಷಿಯ ಕಡೆ ನೋಡುತ್ತಿದ್ದರು. ದುಭಾಷಿ ತಾಯಿಯ ಕಡೆ ನೋಡುತ್ತಿದ್ದ. ತಾಯಿ ತಲೆ ಅಲ್ಲಾಡಿಸುತ್ತಿದ್ದಳು. ಇನ್ನೂ ಇದೆ. ಇನ್ನೂ ಇದೆ. ಸಂಜೆಗೆ ಮೊದಲ ಸಲ, ತುಸು ಇಳಿದಿದೆ ಎಂದಳು. ಕೊಳವೆ ಕಾಯಿಸಿದರು. ಬಣ್ಣವೂ ತುಸು ಇಳಿದಿತ್ತು.

ಮರುದಿನ ಹೊತ್ತೇರುವಾಗ ಮಗು ಕಣ್ಣು ಬಿಟ್ಟಿತು. "ಯವ್ವಾ, ಹಸಿವು" ಎಂದಿತು.

ತಾಯಿ ಬಗ್ಗಿದಳು. ಬಹಳ ಹೊತ್ತು ಮೂಗನ್ನು ಅಲ್ಲೇ ಇಟ್ಟಳು. ಎದ್ದಾಗ ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅಷ್ಟು ಹೊತ್ತು ಅಳದವಳು ಆಗ ಅತ್ತಳು.

"ಈಗ ಕೂಸಿನ ವಾಸನಿ ಬರಾಕತ್ತೈತ್ರಿ" ಎಂದಳು.

"ಏನಂದಳು?" ಎಂದು ಡಾಕ್ಟರಮ್ಮ ಕೇಳಿದರು.

ದುಭಾಷಿ ಬಾಯಿ ತೆರೆದ. ವಾಸನೆ ಎಂಬುದು ಎಲ್ಲಕ್ಕಿಂತ ಸಾದಾ ಪದ. ಶಬ್ದಕೋಶದಲ್ಲಿ ಅದಕ್ಕೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಆ ಹೊತ್ತಿನಲ್ಲಿ ಅವನು ಕೇಳಿದ ಪದಗಳಲ್ಲೆಲ್ಲ ಅದೇ ದೊಡ್ಡದಾಗಿತ್ತು. ಅವಳು ಅಂದ ಹಾಗೆಯೇ ಹೇಳಿದ. "ಈಗ ಮಗುವಿನ ವಾಸನೆ ಬರುತ್ತಿದೆ ಅಂದಳು, ಅಮ್ಮಾ. ಬರೀ ಮಗುವಿನ ವಾಸನೆ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಆ ಹಣ್ಣು ಮಾರುವವಳ ಮುಂದೆ ನಿಂತು ತಲೆ ಬಾಗಿಸಿದರು. ಕಡಲಾಚೆಯವರು ಹೇಗೆ ಬಾಗಿಸುತ್ತಾರೋ ಹಾಗೆ. ಅದನ್ನು ಯಾರೂ ಭಾಷಾಂತರ ಮಾಡಬೇಕಾಗಲಿಲ್ಲ.

ಮಗು ಉಳಿಯಿತು. ಆದರೆ ರೋಗ ಹೋಗುವಂಥದಲ್ಲ. ಬದುಕಿರುವವರೆಗೆ ದಿನವೂ ಸೂಜಿ ಬೇಕು ಎಂದು ಡಾಕ್ಟರಮ್ಮ ಹೇಳಿದರು. ಏನು ಉಣ್ಣಬೇಕು, ಏನು ಉಣ್ಣಬಾರದು, ಸೂಜಿ ಯಾವ ಹೊತ್ತಿಗೆ, ಕೈ ನಡುಗಿ ಬೆವರು ಬಂದರೆ ಏನು ಮಾಡಬೇಕು, ಎಲ್ಲವನ್ನೂ ಹೇಳಿದರು. ದುಭಾಷಿ ಒಂದು ಮಾತನ್ನೂ ತೂರದೆ ತಾಯಿಗೆ ದಾಟಿಸಿದ. ತಾಯಿ ಕೇಳಿದ ಪ್ರಶ್ನೆಗಳನ್ನೂ ಒಂದೂ ಬಿಡದೆ ಆಚೆಗೆ ದಾಟಿಸಿದ. ಅದಕ್ಕೆ ಅರ್ಧ ದಿನ ಹಿಡಿಯಿತು. ತಾಯಿ ದವಾಖಾನೆಯ ಹತ್ತಿರವೇ ಒಂದು ಕೋಣೆ ಹಿಡಿದು ಅಲ್ಲೇ ಮಾವಿನಕಾಯಿಗೆ ಹುಲ್ಲು ಹಾಸಿದಳು. ಬಾಳವ್ವ ದೊಡ್ಡವಳಾದಳು. ಆಮೇಲೆ ತನ್ನ ಸೂಜಿಯನ್ನು ತಾನೇ ಚುಚ್ಚಿಕೊಳ್ಳುತ್ತಿದ್ದಳು.

ಅಂದಿನಿಂದ ಆ ದವಾಖಾನೆಯ ಸಾಲು ಉದ್ದವಾಯಿತು. ಒಬ್ಬ ರೋಗಿಗೆ ಮೊದಲಿಗಿಂತ ಮೂರು ಪಟ್ಟು ಹೊತ್ತು. ಹೊಟ್ಟೆಯೊಳಗೆ ಮಗ್ಗ ಆಡುತ್ತದೆ ಎಂದರೆ ದುಭಾಷಿ ಮಗ್ಗ ಎಂದೇ ಹೇಳುತ್ತಿದ್ದ. ಡಾಕ್ಟರಮ್ಮ ಮಗ್ಗ ಹೇಗಿರುತ್ತದೆಂದು ಕೇಳುತ್ತಿದ್ದರು. ಅವನು ಕೈ ಆಡಿಸಿ ತೋರಿಸುತ್ತಿದ್ದ. ಜನ ಬೇಸರಪಟ್ಟುಕೊಂಡರು. ದುಭಾಷಿಗೆ ವಯಸ್ಸಾಯಿತು, ಇಂಗ್ಲಿಷ್ ಮರೆಯುತ್ತಿದ್ದಾನೆ ಎಂದೂ ಕೆಲವರು ಆಡಿಕೊಂಡರು. ಡಾಕ್ಟರಮ್ಮ ಮಾತ್ರ ಹಾಗೆ ಹೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯ ಕೂತಲ್ಲೇ ಕೂತಿದ್ದ. ಕತೆ ಅವನ ಎದೆಗೆ ಇಳಿದಿತ್ತು. ಯಾರಿಗೂ ಕಾಣದಂತೆ ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದು ಒಮ್ಮೆ ಉಸಿರು ಬಿಟ್ಟು ನೋಡಿದ. ಏನೂ ತಿಳಿಯಲಿಲ್ಲ. ಆದರೂ ಒಂದು ಸಂಗತಿ ಅವನನ್ನು ಬಿಡಲಿಲ್ಲ.

"ಗುರುಗಳೇ, ತಿಳಿಯಿತು" ಎಂದ. "ಸುವಾಸನೆ, ದುರ್ವಾಸನೆ ಎಂದು ಎರಡೇ ಇದ್ದರೆ ಸಾಲದು. ಆರು ಬೇಕು, ಇನ್ನೂ ಹೆಚ್ಚೇ ಬೇಕು. ಇನ್ನೊಂದನ್ನು ಹೇಳಿಬಿಡಿ. ಕಂಪು ಎನ್ನುವುದಕ್ಕೆ ಆ ಆರರಲ್ಲಿ ಸರಿಯಾದ ಪದ ಯಾವುದು?"

ಗುರುಗಳು ಅವನನ್ನೇ ನೋಡಿದರು.

"ಯಾರ ಕೂಸಿನ ಉಸಿರಿಗೆ, ಅಡವಯ್ಯ?"